ಮೂಗಿನ ಮೇಲೆ ಎರಡು ಬೆರಳು

“ಇನ್ನೊಮ್ಮೆ ಹಾಕ್ರಿ,” ಎಂದಳು ಶೀಲಾ.

ಸಬ್ ಇನ್‌ಸ್ಪೆಕ್ಟರ್ ಶಿವಗಂಗಾ ಮೊಬೈಲಿನ ವಿಡಿಯೊವನ್ನು ಮತ್ತೆ ಮೊದಲಿಗೆ ತಂದಳು. ಶೀಲಾ ಕಲಿಸುತ್ತಿದ್ದ ಬಾದಾಮಿಯ ಸರಕಾರಿ ಶಾಲೆಯ ಶಿಕ್ಷಕರ ಕೋಣೆಯಲ್ಲಿ ಅವರಿಬ್ಬರನ್ನು ಬಿಟ್ಟರೆ ಬಾಗಿಲಲ್ಲಿ ನಿಂತ ಹವಾಲ್ದಾರ ಗಾಳೆಪ್ಪ ಮಾತ್ರ ಇದ್ದ. ಹೊರಗೆ ಊಟದ ಬಿಡುವು. ಮಕ್ಕಳ ತಟ್ಟೆಗಳ ಮೇಲೆ ಕಣ್ಣಿಟ್ಟ ಮಂಗಗಳು ಕಂಪೌಂಡಿನ ಮೇಲೆ ಸಾಲಾಗಿ ಕುಳಿತಿದ್ದವು.

ಪರದೆಯ ಮೇಲೆ ಇದ್ದವನು ಶೀಲಾಳ ಅಣ್ಣ ಈರಪ್ಪ. ಹುಟ್ಟು ಕಿವುಡ, ಬಾಯಿಗೆ ಮಾತು ಬಂದವನಲ್ಲ. ಅವರ ಅಪ್ಪ ಶಂಕರಲಿಂಗ ಇಳಕಲ್ಲಿನ ಹೊರಗಿದ್ದ ತನ್ನ ಕಲ್ಲು ಕ್ವಾರಿಯ ಅಂಚಿನಿಂದ ಕೆಳಗಿನ ಬಂಡೆಯ ಮೇಲೆ ಬಿದ್ದು ಸತ್ತಾಗ, ಅದನ್ನು ಕಣ್ಣಾರೆ ಕಂಡವನು ಈರಪ್ಪ ಒಬ್ಬನೇ. ವಿಡಿಯೊದಲ್ಲಿ ಅವನಿಗೆ ಒತ್ತಿಕೊಂಡು ಕುಳಿತವಳು ಹಿರಿಯಕ್ಕ ಗುರುಲಿಂಗವ್ವ. ಈರಪ್ಪ ಕೈಯಿಂದ ಹೇಳಿದ್ದನ್ನು ಅವಳು ಬಾಯಿಂದ ಹೇಳುತ್ತಿದ್ದಳು.

‘ಲಾರಿ ಡ್ರೈವರ್ ಮತೀನ ಬಂದ. ಮೈಯೆಲ್ಲಾ ಡೀಸೆಲ್ ವಾಸನಿ ಹೊಡೀತಿತ್ತು. ಅಂವಾ ನಮ್ಮಪ್ಪನ್ನ ನೂಕಿದ.’

ಆ ಮಾತನ್ನು ನಂಬಿಯೇ ಶಿವಗಂಗಾ ಮತೀನನ ಕೈಗೆ ಬೇಡಿ ಹಾಕಿದ್ದಳು. ಈಗ ಅವನು ಬಾಗಲಕೋಟೆಯ ಜೈಲಿನಲ್ಲಿದ್ದ.

ಶೀಲಾ ಮೊಬೈಲನ್ನು ಕಣ್ಣಿನ ಹತ್ತಿರ ಒಯ್ದಳು.

“ಮೇಡಂ, ಇದರಾಗ ವಾಸನಿ ಎಲ್ಲೈತ್ರಿ?”

“ಮೂಗಿಗೆ ಕೈ ಹಚ್ಚಿದ್ನಲ್ಲ?”

“ವಾಸನಿಗೆ ನಮ್ಮಣ್ಣ ಮಾರಿ ಹಿಂಡತಾನ್ರಿ, ಹಿಂಗ ಕೈ ಬೀಸತಾನ. ಇದು ಬ್ಯಾರೆ. ಅದೂ ಹೋಗಲಿ, ಡ್ರೈವರ್ ಎಲ್ಲಿ ಬಂದ? ಮತೀನ ಅನ್ನೂದಾದ್ರ ಸ್ಟೇರಿಂಗ್ ತಿರುವಬೇಕಲ್ರಿ. ಎಲ್ಲಿ ತಿರುವ್ಯಾನ? ತೋರಸ್ರಿ ನನಗ.”

ಶಿವಗಂಗಾ ವಿಡಿಯೊವನ್ನು ಮತ್ತೊಮ್ಮೆ ಕೊನೆಯತನಕ ನೋಡಿದಳು.

ಹೌದು. ಎಲ್ಲಿಯೂ ತಿರುವಿರಲಿಲ್ಲ. ಎಷ್ಟು ಸಲ ನೋಡಿದ್ದಳು ಈ ವಿಡಿಯೊವನ್ನು! ಸಣ್ಣ ಮಗುವಿಗೂ ಹೊಳೆಯುವ ಮಾತು ತನಗೆ ಹೊಳೆಯಲಿಲ್ಲವಲ್ಲ. ಯಾಕೆಂದರೆ ಅವಳು ಕೈಗಳನ್ನು ನೋಡಿಯೇ ಇರಲಿಲ್ಲ, ಗುರುಲಿಂಗವ್ವನ ಬಾಯಿಯನ್ನೇ ಕೇಳಿಸಿಕೊಂಡಿದ್ದಳು.

“ಮತ್ತ ಅಂವ ಹೇಳಿದ್ದೇನು?” ಎಂದಳು.

ಶೀಲಾ ಮೂರು ಬೆರಳನ್ನು ಹಣೆಯ ಮೇಲೆ ಅಡ್ಡ ಎಳೆದಳು. “ಇದು ಅಪ್ಪ. ವಿಭೂತಿ.” ಎರಡೂ ಅಂಗೈಯಿಂದ ಗಾಳಿಯನ್ನು ನೂಕಿದಳು. “ಇದು ನೂಕಿದ್ದು.” ಆಮೇಲೆ ಬೆರಳನ್ನು ಮೂಗಿಗೆ ತಂದು, ಅಲ್ಲಿಯೇ ತಡೆದಳು.

“ಇದು?”

“ಮೂಗುಬೊಟ್ರಿ.” ಅವಳು ಪರದೆಯ ಕಡೆ ನೋಡಿದಳು. “ಅಂದ್ರ... ಅಕ್ಕ.”

ಬಾಗಿಲಲ್ಲಿದ್ದ ಗಾಳೆಪ್ಪ ಒಳಗೆ ಎರಡು ಹೆಜ್ಜೆ ಬಂದ. “ಏನಂದ್ರಿ ಟೀಚರ?”

ಪರದೆಯ ಮೇಲೆ ವಿಡಿಯೊ ನಿಂತುಹೋಗಿತ್ತು. ನಿಂತ ಚಿತ್ರದಲ್ಲಿ ಗುರುಲಿಂಗವ್ವನ ಎಡ ಮೂಗಿನ ಮೇಲೆ ಕೆಂಪು ಹರಳಿನ ಬೊಟ್ಟು ಮಿನುಗುತ್ತಿತ್ತು.

*

ಶಿವಗಂಗಾ ಬಾದಾಮಿಗೆ ಬಂದದ್ದು ಒಂದು ಸಣ್ಣ ಅನುಮಾನ ಹೊತ್ತು. ಮುಂಜಾನೆ ವಿಡಿಯೊ ನೋಡುವಾಗ ಅವಳಿಗೆ ಒಂದು ಕಿರಿಕಿರಿ ಹತ್ತಿತ್ತು. ಈರಪ್ಪನ ಕೈ ನಿಲ್ಲುವ ಮೊದಲೇ ಗುರುಲಿಂಗವ್ವನ ಬಾಯಿ ಶುರುವಾಗುತ್ತಿತ್ತು.

ಬೇರೆ ಯಾರಿಗಾದರೂ ಅದು ಅಕ್ಕನ ಅಕ್ಕರೆಯಂತೆ ಕಂಡೀತು. ಶಿವಗಂಗಾಳಿಗೆ ಹಾಗಲ್ಲ. ಅವಳ ಅಣ್ಣ ಚೇತನಕುಮಾರ ಹೀಗೆಯೇ ಇದ್ದ. ಶಾಲೆಯಲ್ಲಿ ಮಾಸ್ತರರು ಅವಳ ಹೆಸರು ಕೇಳಿದರೆ ಅವನು ಹೇಳುತ್ತಿದ್ದ. ಹಸಿವಾಯಿತೇ ಎಂದು ಅವ್ವ ಕೇಳಿದರೂ ಅವನದೇ ಉತ್ತರ. ಪ್ರೀತಿಯಿಂದಲೇ ಮಾಡುತ್ತಿದ್ದ, ಸುಳ್ಳಲ್ಲ. ಆದರೆ ತನಗೆ ಬೇಕಾದದ್ದು ಇದಲ್ಲ ಎಂದು ಹೇಳಲು ಅವಳಿಗೆ ಹತ್ತು ಹನ್ನೆರಡು ವರ್ಷವೇ ಹಿಡಿದಿತ್ತು. ಒಬ್ಬರ ಮಾತನ್ನು ಇನ್ನೊಬ್ಬರು ಆಡುವಾಗ ಎಲ್ಲಿ ಅವಸರ ಬರುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

ಪರೀಕ್ಷಿಸಿ ನೋಡಲು ಬೇರೆ ದಾರಿ ಇರಲಿಲ್ಲ. ಬಾಗಲಕೋಟೆಯಿಂದ ಸನ್ನೆ ಭಾಷೆ ಬಲ್ಲ ಶಿಕ್ಷಕರೊಬ್ಬರನ್ನು ಮೊದಲೇ ಕರೆಸಿದ್ದರು. ಅವರು ಈರಪ್ಪನ ಎದುರು ಬಹಳ ಹೊತ್ತು ಕೂತು, ಕೊನೆಗೆ ಕೈಚೆಲ್ಲಿ ಎದ್ದಿದ್ದರು. ‘ಇಂವ ಕಿವುಡರ ಸಾಲಿಗೆ ಹೋದಾಂವಲ್ರಿ. ಇದು ಮನ್ಯಾಗ ಹುಟ್ಟಿದ ಭಾಷಾ. ಮನಿಯವರಿಗೇ ಗೊತ್ತು.’

ಮನೆಯವರು ಎಂದರೆ ಗುರುಲಿಂಗವ್ವ. ‘ತಂಗಿ ಶೀಲಾಗ ಒಂದ ಸನ್ನಿನೂ ಬರೂದಿಲ್ರಿ, ಅಕಿ ಸಣ್ಣಾಕಿದ್ದಾಗನ ಮನಿ ಬಿಟ್ಟು ಕೆರೂರಿಗೆ ಹೋದಾಕಿ,’ ಎಂದು ಅವಳೇ ಹೇಳಿದ್ದಳು. ಅದಕ್ಕೇ ಶೀಲಾಳನ್ನು ಯಾರೂ ಕೇಳಿರಲಿಲ್ಲ.

“ನನಗ ಬರೂದಿಲ್ಲ ಅಂದ್ಲಾ?” ಜೀಪು ಬಾದಾಮಿ ದಾಟಿದ ಮೇಲೆ ಶೀಲಾ ಕೇಳಿದಳು. ಮುಖ್ಯಾಧ್ಯಾಪಕರಿಗೆ ಹೇಳಿ ಶಿವಗಂಗಾ ಅವಳನ್ನು ಜೊತೆಗೇ ಕರೆತಂದಿದ್ದಳು. “ಮೇಡಂ, ಆ ಭಾಷಾ ಹುಟ್ಟಿದ್ದ ನಮ್ಮಿಬ್ಬರ ನಡುವ. ಅವ್ವ ಅವಗ ನಾಕೆಂಟು ಸನ್ನಿ ಹೇಳಿಕೊಟ್ಟಿದ್ಲು. ಉಣ್ಣೂದು, ನೀರು, ಅಪ್ಪ, ಅಷ್ಟ. ಉಳದದ್ದೆಲ್ಲಾ ನಾನು ನಮ್ಮಣ್ಣ ಕೂಡಿ ಮಾಡಿದ್ದು. ಅಕ್ಕ ನಮ್ಮನ್ನ ನೋಡಿ ಕಲತಾಕಿ.”

“ಮತ್ತ ನಿಮ್ಮನ್ಯಾಕ ಕೆರೂರಿಗೆ ಕಳಿಸಿದ್ರು?”

ಶೀಲಾ ನಕ್ಕಳು. ಅದು ನಗುವಿನ ಹಾಗೆ ಇರಲಿಲ್ಲ.

“ನನಗ ಐದು ತುಂಬಿದ್ರೂ ಮಾತ ಬಂದಿರಲಿಲ್ರಿ. ಬರೂದರ ಹ್ಯಾಂಗ? ದಿನಾ ಮುಂಜಾನಿಂದ ಸಂಜಿತನಕ ನಮ್ಮಣ್ಣನ ಕೂಡ ಆಟ. ಕೈಯಾಗ ಎಲ್ಲಾ ಹೇಳಾಕ ಬರ್ತಿತ್ತು, ಬಾಯಿ ಯಾಕ ಬೇಕು? ಅಪ್ಪ ಹೆದರಿದ. ‘ಮನಿಗೆ ಒಂದ ಮೂಕ ಸಾಕು’ ಅಂದ. ನನ್ನನ್ನ ಎತ್ತಿಕೊಂಡ ಹೋಗಿ ಕೆರೂರಾಗ ಮಾವನ ಮನ್ಯಾಗ ಬಿಟ್ಟ. ಅಲ್ಲಿ ನಾಕ ತಿಂಗಳದಾಗ ನಾ ಪಟಪಟ ಮಾತಾಡಿದ್ನಿ. ಮಾತ ಬಂದ ಮ್ಯಾಲೂ ಕರಕೊಂಡ ಹೋಗಾಕ ಯಾರೂ ಬರಲಿಲ್ಲ. ಅದ ವರ್ಷ ಅವ್ವ ತೀರಿಕೊಂಡ್ಲು. ಮಣ್ಣಿಗೂ ನನ್ನ ಕರೀಲಿಲ್ಲ.”

ಮಣ್ಣು ಎಂದರೆ ಅವರಲ್ಲಿ ಹೂಳುವ ಶಾಸ್ತ್ರ.

“ಆದ್ರ ನಮ್ಮಣ್ಣ ಬಿಡಲಿಲ್ರಿ. ದೊಡ್ಡಾಂವ ಆದ ಮ್ಯಾಲ ನಾಗರಪಂಚಮಿಗೆ ಒಬ್ಬನ ಬಸ್ ಹತ್ತಿ ಬರ್ತಿದ್ದ. ಕಂಡಕ್ಟರ್‌ಗೆ ಊರ ಹೆಸರು ಹೇಳಾಕ ಬಾಯಿಲ್ಲ, ಕೆರೂರ ಬಂದ ಕೂಡ್ಲೆ ಸೀಟ್ ಬಡದ ಇಳೀತಿದ್ದ. ಕೈಯಾಗ ಉಂಡಿ ಡಬ್ಬಿ. ಅಣ್ಣ ಪಂಚಮಿಗೆ ತಂಗಿನ್ನ ಕರಿಯಾಕ ಬರಬೇಕಲ್ಲ? ಕರಿಯಾಕ ಮನಿ ಅವಂದಲ್ಲ, ಅಪ್ಪಂದು. ಅದಕ್ಕ ಅಂವ ಬಂದು ಜೋಕಾಲಿ ತೂಗಿ ಹೋಗ್ತಿದ್ದ.”

ಜೀಪು ಅಮೀನಗಡ ದಾಟಿ ಹುನಗುಂದದ ಕಡೆ ಹೊರಳಿತು. ಎರಡೂ ಬದಿಗೆ ಮೊದಲ ಮಳೆ ಕುಡಿದ ಎರೆಭೂಮಿ ಕಪ್ಪಗೆ ಹರಡಿತ್ತು. ಹುನಗುಂದದ ಕೋರ್ಟಿನ ಮುಂದೆ ಹಾದು ಹೋಗುವಾಗ ಗಾಳೆಪ್ಪ ಮೆಲ್ಲಗೆ ಅಂದ.

“ನಾಳೆ ಇಲ್ಲೇ ಅಲ್ರಿ ಮೇಡಂ?”

“ಹೂಂ.”

ನಾಳೆ ನ್ಯಾಯಾಧೀಶರ ಮುಂದೆ ಈರಪ್ಪನ ಹೇಳಿಕೆ. ಅಲ್ಲಿಯೂ ಅವನ ಬಾಯಿ ಗುರುಲಿಂಗವ್ವನೇ. ಒಮ್ಮೆ ಅಲ್ಲಿ ದಾಖಲಾಯಿತೆಂದರೆ ಮತೀನನ ಕಥೆ ಮುಗಿದ ಹಾಗೆ. ತಾಯಿಯನ್ನು ದವಾಖಾನೆಗೆ ಒಯ್ಯಲು ರಜೆ ಕೇಳಿ, ಮಾಲಕ ಶಂಕರಲಿಂಗ ಕೊಡದಿದ್ದಾಗ ಚಹಾದಂಗಡಿಯ ಮುಂದೆ ಎಲ್ಲರೆದುರು ಕೂಗಾಡಿದ್ದು ಬಿಟ್ಟರೆ ಅವನ ಮೇಲೆ ಬೇರೆ ಸಾಕ್ಷಿಯೇ ಇರಲಿಲ್ಲ. ಅವನ ತಾಯಿ ಮಾಸುಮಬಿ ಈಗ ದವಾಖಾನೆಯ ಬದಲು ಠಾಣೆಯ ಕಟ್ಟೆಯ ಮೇಲೆ ಕೂರುತ್ತಿದ್ದಳು. ‘ನನ್ನ ಮಗ ಸಿಟ್ಟಿನಾಂವ ಖರೆ, ಮೇಡಮ್ಮಾರ. ಆದ್ರ ಉಂಡ ಮನಿ ಮ್ಯಾಲ ಕೈ ಎತ್ತಾಂವಲ್ಲ,’ ಎಂದು ಇವತ್ತು ಮುಂಜಾನೆಯೂ ಅಂದಿದ್ದಳು. ಶಿವಗಂಗಾ ಕೇಳಿಸದವಳಂತೆ ಜೀಪು ಹತ್ತಿದ್ದಳು.

*

ಕಲ್ಲು ಪಾಲಿಶ್ ಮಾಡುವ ಶೆಡ್ಡಿಗೆ ಅಂಟಿಕೊಂಡೇ ಶಂಕರಲಿಂಗನ ಮನೆ. ಅಂಗಳದಲ್ಲಿ ಕೆಂಪು ಗ್ರಾನೈಟಿನ ಹಲಗೆಗಳು ಗೋಡೆಗೆ ಒರಗಿ ನಿಂತಿದ್ದವು. ಪಕ್ಕದ ಓಣಿಯಿಂದ ಮಗ್ಗದ ಸದ್ದು ಬರುತ್ತಿತ್ತು.

ಈರಪ್ಪ ಯಂತ್ರದ ಮುಂದೆ ಕುಳಿತು ಕಲ್ಲಿಗೆ ನೀರು ಬಿಡುತ್ತಿದ್ದ. ನೆರಳು ಬಿದ್ದದ್ದೇ ತಲೆ ಎತ್ತಿದ. ಶೀಲಾಳನ್ನು ಕಂಡು ಅವನ ಮುಖ ಅರಳಿದ್ದು ನೋಡಬೇಕು! ಬೆರಳುಗಳಿಂದ ತನ್ನ ತುಟಿ ಮುಚ್ಚಿ, ಫಟ್ಟನೆ ಬಿಚ್ಚಿದ.

“ಅದು ನಾನು,” ಎಂದಳು ಶೀಲಾ, ಕಣ್ಣೊರೆಸಿಕೊಂಡು. “ಬಾಯಿ ಮುಚ್ಚಿದಾಕಿ, ಆಮ್ಯಾಲ ಬಾಯಿ ಬಿಟ್ಟಾಕಿ.”

ಗುರುಲಿಂಗವ್ವ ಒಳಗಿನಿಂದ ಬಂದಳು. ನಲವತ್ತರ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಪೊಲೀಸರನ್ನು ಕಂಡು ಅಳುಕಲಿಲ್ಲ. ಅವರ ಹಿಂದೆ ತಂಗಿಯನ್ನು ಕಂಡಾಗ ಮಾತ್ರ ಅವಳ ಕೈ ಬಾಗಿಲ ಚೌಕಟ್ಟನ್ನು ಹಿಡಿಯಿತು.

“ಬರ್ರಿ ಮೇಡಂ. ನಾಳೆ ಕೋರ್ಟಿಗೆ ಎಷ್ಟೊತ್ತಿಗೆ ಬರಬೇಕಂತ ಹೇಳಾಕ ಬಂದ್ರೇನು?”

“ಇಲ್ಲರಿ ಗುರುಲಿಂಗವ್ವಾರ. ಒಂದು ಸನ್ನಿ ತಿಳೀಲಿಲ್ಲ, ಕೇಳಿಕೊಂಡ ಹೋಗೋಣಂತ ಬಂದೆ.” ಶಿವಗಂಗಾ ಪಡಸಾಲೆಯ ಕುರ್ಚಿಯಲ್ಲಿ ಕುಳಿತಳು. “ಡ್ರೈವರ್ ಅನ್ನಾಕ ನಿಮ್ಮ ತಮ್ಮ ಏನ ಮಾಡತಾನ?”

ಗುರುಲಿಂಗವ್ವ ಸೊಂಟದ ಸೆರಗು ಬಿಚ್ಚಿ ಹೆಗಲಿಗೆ ಎಳೆದುಕೊಂಡಳು. ಆಮೇಲೆ ತಂಗಿಯ ಕಡೆ ನೋಡಿದಳು.

“ನೀ ಏನ ಹೇಳಿದಿ ಇವರಿಗೆ?”

“ಅಣ್ಣ ಹೇಳಿದ್ದನ್ನ ಹೇಳೇನಿ,” ಎಂದಳು ಶೀಲಾ. “ಅಂವ ಮತೀನ ಅಂದಿಲ್ಲ. ಮೂಗ ಮುಟ್ಯಾನ. ಈ ಮನ್ಯಾಗ ಮೂಗುಬೊಟ್ಟು ಇದ್ದಾಕಿ ನೀ ಒಬ್ಬಾಕೇ ಅಕ್ಕಾ.”

ಮಗ್ಗದ ಸದ್ದು ಒಂದೇ ಸವನೆ ಕೇಳಿಸುತ್ತಿತ್ತು. ಗುರುಲಿಂಗವ್ವ ಅರಚುತ್ತಾಳೆ, ಅಳುತ್ತಾಳೆ, ಆಣೆ ಹಾಕುತ್ತಾಳೆ ಎಂದು ಶಿವಗಂಗಾ ಕಾದಳು. ಅವಳು ಅದೇನನ್ನೂ ಮಾಡಲಿಲ್ಲ. ಉಸಿರು ಬಿಟ್ಟು ಹೊಸ್ತಿಲ ಮೇಲೆ ಕುಳಿತಳು.

“ಖರೆ,” ಎಂದಳು. “ಅಂವ ಮತೀನನ ಹೆಸರು ಹೇಳಿಲ್ಲ. ನಾನ ಸುಳ್ಳ ಹೇಳಿದೆ.”

ಗಾಳೆಪ್ಪನ ಕೈಯಲ್ಲಿದ್ದ ಟೋಪಿ ಜಾರಿ ಕೆಳಗೆ ಬಿತ್ತು.

“ಒಬ್ಬನ್ನ ಜೈಲಿಗೆ ಹಾಕಿಸಿ ಈಗ ಸುಳ್ಳಂತೀರಲ್ರಿ!” ಶಿವಗಂಗಾಳ ದನಿ ತಾನಾಗಿಯೇ ಏರಿತು. “ಯಾರ ಸಂಬಂಧ ಹೇಳಿದ್ರಿ ಈ ಸುಳ್ಳು? ನಿಮ್ಮನ್ನ ಉಳಿಸಿಕೊಳ್ಳಾಕ?”

“ನನ್ನ ಸಂಬಂಧ ಅಲ್ಲ.” ಗುರುಲಿಂಗವ್ವ ತಲೆ ಎತ್ತದೆ ಬೆರಳು ತೋರಿಸಿದಳು. “ಇಕಿ ಸಂಬಂಧ.”

ಬೆರಳು ಶೀಲಾಳ ಕಡೆ ನೆಟ್ಟಿತ್ತು.

“ಹುಚ್ಚ ಹಿಡದೈತೇನು ನಿನಗ?” ಎಂದಳು ಶೀಲಾ. “ನನ್ನ ಸನ್ನಿ ಇದು.” ತುಟಿ ಮುಚ್ಚಿ ತೆರೆದು ತೋರಿಸಿದಳು.

“ಅದು ಆಮ್ಯಾಲಿಂದು. ನಿನಗ ಮಾತ ಬಂದ ಮ್ಯಾಲಿಂದು. ಮೊದಲಿಂದು ನಿನಗ ನೆನಪಿಲ್ಲ, ನನಗ ಐತಿ. ನಿನ್ನ ಮೂಗ ಚುಚ್ಚಿಸಿದ ವಾರದಾಗನ ಅಪ್ಪ ನಿನ್ನ ಕೆರೂರಿಗೆ ಒಯ್ದ. ಈ ಈರಪ್ಪ ಇದ ಹೊಸ್ತಿಲ ಮ್ಯಾಲ ಮೂಗ ಹಿಡಕೊಂಡು ಕುಂತಬಿಟ್ಟಿದ್ದ. ಎಲ್ಲಿ ಅಕಿ, ಎಲ್ಲಿ ಅಕಿ ಅಂತ. ಉಣ್ಣವಲ್ಲ, ಮಲಗವಲ್ಲ. ಮೂಗ ಅಂದ್ರ ನೀನ.” ಗುರುಲಿಂಗವ್ವ ಈಗ ಶಿವಗಂಗಾಳನ್ನು ನೋಡಿದಳು. “ಕೇಳ್ರಿ ಮೇಡಂ. ಅಪ್ಪ ಸತ್ತ ದಿನ ಮುಂಜಾನೆ ಎಲ್ಲಿದ್ಲು ಅಂತ ಕೇಳ್ರಿ ಅಕಿನ್ನ.”

ಶಿವಗಂಗಾ ಶೀಲಾಳ ಕಡೆ ತಿರುಗಿದಳು. ಮಣ್ಣಿಗೆಂದು ಸುದ್ದಿ ಬಂದ ಮೇಲೆಯೇ ಇಳಕಲ್ಲಿಗೆ ಬಂದೆ ಎಂದು ಶೀಲಾ ಮೊದಲ ದಿನ ಹೇಳಿದ್ದಳು. ಅದನ್ನು ಅನುಮಾನಿಸಲು ಯಾರಿಗೂ ಕಾರಣ ಇರಲಿಲ್ಲ.

“ಟೀಚರ?”

ಶೀಲಾ ನೆಲ ನೋಡಿದಳು.

“ಬಂದಿದ್ದೆ,” ಎಂದಳು ಕೊನೆಗೆ.

ಶಿವಗಂಗಾಳಿಗೆ ಕಪಾಳಕ್ಕೆ ಹೊಡೆದಂತಾಯಿತು. ಬಾದಾಮಿಯಿಂದ ಇಲ್ಲಿಯತನಕ ಪಕ್ಕದಲ್ಲೇ ಕೂತು ಕಣ್ಣೀರು ಹಾಕಿದವಳು, ತಾನು ಕಣ್ಣು ಮುಚ್ಚಿ ನಂಬಿದವಳು!

“ಯಾಕ ಮುಚ್ಚಿಟ್ರಿ?”

“ಹೆದರಿಕಿಗೆ ಮೇಡಂ. ನಮ್ಮಣ್ಣನ್ನ ಬಾದಾಮಿಗೆ ಕರಕೊಂಡ ಹೋಗ್ತೇನಿ, ನನ್ನ ಕೂಡ ಇರಲಿ ಅಂತ ಕೇಳಾಕ ಬಂದಿದ್ದೆ. ಕ್ವಾರಿಗೇ ಹೋಗಿದ್ದೆ. ಅಪ್ಪ ಮಾರಿ ಕೊಟ್ಟ ಮಾತಾಡಲಿಲ್ಲ. ‘ನನ್ನ ದುಡಿಯೂ ಕೈ ಕಸಕೊಳ್ಳಾಕ ಬಂದೀಯೇನು?’ ಅಂದ. ನಾ ಅಳಕೊಂತ ಬಸ್‌ಸ್ಟ್ಯಾಂಡಿಗೆ ಬಂದೆ. ನಾ ಹೊಂಟಾಗ ಅಪ್ಪ ಜೀವಂತ ಇದ್ದ, ಶಿವನಾಣೆ.”

“ಜೀವಂತ ಇದ್ದನೋ ಇಲ್ಲೋ ಈರಪ್ಪ ನೋಡ್ಯಾನ,” ಎಂದಳು ಗುರುಲಿಂಗವ್ವ.

“ಈಗ ನನ್ನ ಮ್ಯಾಲ ಹಾಕತೀ? ನಾ ಏನ ಮಾಡೀನಿ ನಿನಗ?”

“ಏನ ಮಾಡೀದಿ?” ಗುರುಲಿಂಗವ್ವ ಎದ್ದು ನಿಂತಳು. ಇಷ್ಟು ಹೊತ್ತು ಇಲ್ಲದ ಬೆಂಕಿ ಅವಳ ಕಣ್ಣಿಗೆ ಬಂದಿತ್ತು. “ನೀ ಮಾತ ಕಲಿಯಾಕ ಹೋದಿ. ನಾ ಇವನ ಮಾತಾಗಿ ಇಲ್ಲೇ ಉಳದೆ. ನನ್ನ ನೋಡಾಕ ಬಂದವರನ್ನ ಅಪ್ಪ ಬಾಗಿಲದಿಂದನ ತಿರಿಗಿ ಕಳಿಸಿದ. ಇಕಿ ಹೋದ್ರ ಈರಪ್ಪಗ ಬಾಯಿ ಯಾರು ಅಂದ. ನೀ ಪಂಚಮಿಗೆ ಜೋಕಾಲಿ ಆಡಿದಿ. ಆ ಉಂಡಿ ಕಟ್ಟಿ ಕಳಸಾಕಿ ನಾನು. ಗೊತ್ತೈತೇನು ನಿನಗ?”

“ನನ್ನನ್ನ ಯಾರರ ಕೇಳಿ ಕಳಿಸಿದ್ರೇನ ಅಕ್ಕಾ?” ಶೀಲಾ ಒಂದು ಹೆಜ್ಜೆ ಮುಂದೆ ಬಂದಳು. “ಐದು ವರ್ಷದ ಕೂಸು ನಾ. ರಾತ್ರಿ ಮಾವನ ಮನ್ಯಾಗ ಗ್ವಾಡಿಗೆ ಕೈಸನ್ನಿ ಮಾಡ್ತಿದ್ದೆ. ನನಗ ಬಾಯಿ ಬಂತು, ಖರೆ. ಮನಿ ಹೋತು.”

ಇಬ್ಬರೂ ಏದುಸಿರು ಬಿಡುತ್ತ ಎದುರುಬದುರು ನಿಂತರು. ಶಿವಗಂಗಾ ನಡುವೆ ಕುಳಿತಿದ್ದಳು. ಅರ್ಥ ಬಲ್ಲವರು ಜಗತ್ತಿನಲ್ಲಿ ಇಬ್ಬರೇ, ಮತ್ತು ಇಬ್ಬರ ಅರ್ಥವೂ ಬೇರೆ. ಶೀಲಾ ಅದು ಅಕ್ಕ ಅನ್ನುತ್ತಾಳೆ, ಗುರುಲಿಂಗವ್ವ ತಂಗಿ ಅನ್ನುತ್ತಾಳೆ. ಇಬ್ಬರಿಗೂ ಸುಳ್ಳು ಹೇಳಿ ಗೊತ್ತು. ಯಾರನ್ನು ನಂಬುವುದು?

ಆಗ ಅವಳ ಕಣ್ಣು ಬಾಗಿಲಿಗೆ ಹೋಯಿತು. ಈರಪ್ಪ ಯಂತ್ರ ನಿಲ್ಲಿಸಿ ಬಂದು ಅಲ್ಲಿ ನಿಂತಿದ್ದ. ಒದ್ದೆ ಕೈಗಳಿಗೆ ಕೆಂಪು ಕಲ್ಲಿನ ಹಿಟ್ಟು ಮೆತ್ತಿತ್ತು. ಒಮ್ಮೆ ಅಕ್ಕನ ತುಟಿ, ಒಮ್ಮೆ ತಂಗಿಯ ತುಟಿ ನೋಡುತ್ತ, ಏನಾಯಿತು ಏನಾಯಿತು ಎಂದು ಅಂಗೈ ಅಲುಗಿಸುತ್ತಿದ್ದ. ಜಗಳ ಅವನದೇ ಮಾತಿನ ಮೇಲೆ ನಡೆದಿತ್ತು. ಅವನಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ಇಷ್ಟು ದಿನದಲ್ಲಿ ತಾನು ಒಮ್ಮೆಯಾದರೂ ಅವನನ್ನೇ ಕೇಳಿದ್ದೇನೆಯೇ ಎಂದುಕೊಂಡಳು ಶಿವಗಂಗಾ. ಇಲ್ಲ, ಒಮ್ಮೆಯೂ ಇಲ್ಲ.

“ಇಬ್ಬರೂ ಆ ಗ್ವಾಡಿ ಕಡೆ ನಿಲ್ರಿ,” ಎಂದಳು. “ಬಾಯಿ ಬಿಡಬ್ಯಾಡ್ರಿ. ಕೈನೂ ಎತ್ತಬ್ಯಾಡ್ರಿ. ಗಾಳೆಪ್ಪಾರ, ವಿಡಿಯೊ ಶುರು ಮಾಡ್ರಿ. ಈ ಸಲ ಎದುರಿಗೆ ನಿಂತು ತಗೀರಿ.”

ಮೊದಲ ವಿಡಿಯೊವನ್ನು ಗಾಳೆಪ್ಪ ಪಕ್ಕದಿಂದ ತೆಗೆದಿದ್ದ. ಈರಪ್ಪನ ಕೈ ಅರ್ಧ ಗುರುಲಿಂಗವ್ವನ ಭುಜದ ಹಿಂದೆ ಮರೆಯಾಗಿತ್ತು. ಅದೂ ಈಗ ಹೊಳೆಯಿತು.

ಅವಳು ಈರಪ್ಪನನ್ನು ಕರೆದು ತನ್ನ ಎದುರಿಗೆ ಕೂಡಿಸಿಕೊಂಡಳು. ಮೂರು ಬೆರಳನ್ನು ಹಣೆಯ ಮೇಲೆ ಅಡ್ಡ ಎಳೆದಳು.

ಈರಪ್ಪ ಬೆಚ್ಚಿದ. ಹೊರಗಿನವರು ತನ್ನ ಭಾಷೆಯಲ್ಲಿ ಮಾತಾಡಿದ್ದು ಅವನ ಆಯುಷ್ಯದಲ್ಲಿ ಇದೇ ಮೊದಲಿರಬೇಕು. ಅವಳು ಎರಡೂ ಅಂಗೈಯಿಂದ ನೂಕಿ ತೋರಿಸಿದಳು. ಆಮೇಲೆ ಕೈ ಬಿಚ್ಚಿ, ಹುಬ್ಬೇರಿಸಿದಳು. ಯಾರು?

ಅವನು ಅವಳ ಹೆಗಲ ಮೇಲಿಂದ ಅಕ್ಕನನ್ನು ನೋಡಿದ. ಅಪ್ಪಣೆ ಕೇಳುವ ನೋಟ ಅದು, ಎಷ್ಟೋ ವರ್ಷದ ರೂಢಿ. ಗುರುಲಿಂಗವ್ವ ಮುಖ ಆಚೆ ತಿರುಗಿಸಿದಳು.

ಶಿವಗಂಗಾ ಅವನ ಮೊಣಕಾಲು ತಟ್ಟಿದಳು. ನನಗೆ ಹೇಳು.

ಈರಪ್ಪ ಕೈ ಎತ್ತಿದ. ಎರಡು ಬೆರಳು ಮೂಗಿನ ಮೇಲೆ ಬಂದವು. ಅಲ್ಲಿಗೇ ನಿಲ್ಲಲಿಲ್ಲ. ಮೂಗಿನಿಂದ ಇಳಿದು, ಅರ್ಧ ಚಂದ್ರದ ಹಾಗೆ ಬಾಗಿ, ಮೇಲ್ದುಟಿಯನ್ನು ಮುಟ್ಟಿದವು.

ಶಿವಗಂಗಾ ಗುರುಲಿಂಗವ್ವನ ಕಡೆ ಬೆರಳು ಮಾಡಿದಳು. ಇವಳೇ?

ಅವನು ಜೋರಾಗಿ ತಲೆ ಅಲ್ಲಾಡಿಸಿದ. ಒಂದೇ ಬೆರಳನ್ನು ಮೂಗಿನ ಬದಿಗೆ ಚುಚ್ಚಿದ ಹಾಗೆ ಇಟ್ಟು, ಗುರುಲಿಂಗವ್ವನನ್ನು ತೋರಿಸಿದ. ಒಂದು ಬೆರಳು, ಅದು ಅಕ್ಕ.

ಶಿವಗಂಗಾ ಶೀಲಾಳ ಕಡೆ ತೋರಿಸಿದಳು. ಅವನ ಕಣ್ಣುಗಳು ಅಗಲವಾದವು. ತುಟಿ ಮುಚ್ಚಿ ತೆರೆದು, ಅಲ್ಲ ಅಲ್ಲ ಎಂದು ಎರಡೂ ಕೈ ಬೀಸಿದ. ಹೇಗೆ ಇಂಥ ಮಾತು ಕೇಳುತ್ತೀ ಎಂಬಂತೆ ಶಿವಗಂಗಾಳನ್ನೇ ನೋಡಿದ.

ಮತ್ತೆ ಎರಡು ಬೆರಳು, ಮತ್ತೆ ಮೂಗಿನಿಂದ ತುಟಿಯತನಕ ಆ ಅರ್ಧ ಚಂದ್ರ.

ಗೋಡೆಯ ಕಡೆಯಿಂದ ಶೀಲಾ ಸಣ್ಣಗೆ ಚೀರಿದಳು.

“ಅದು ಬೊಟ್ಟಲ್ಲ ಮೇಡಂ. ವಿಡಿಯೊದಾಗ ನನಗ ಪೂರಾ ಕಾಣಲಿಲ್ಲ. ಅದು... ಅದು ನತ್ತು.”

“ಯಾರ ನತ್ತು?”

ಈರಪ್ಪನೇ ಎದ್ದ. ಶಿವಗಂಗಾಳ ಮಣಿಕಟ್ಟು ಹಿಡಿದು ಒಳಗಿನ ಕೋಣೆಗೆ ಎಳೆದುಕೊಂಡು ಹೋದ. ದೇವರ ಜಗಲಿಯ ಮೇಲೆ ಲಿಂಗಪೂಜೆಯ ಸಾಮಾನು, ವಿಭೂತಿ ಬಟ್ಟಲು. ಅದರ ಮೇಲೆ ಗೋಡೆಗೆ ಒಂದು ಫೋಟೊ, ಫೋಟೊಕ್ಕೆ ಮಾಸಿದ ಪ್ಲಾಸ್ಟಿಕ್ ಮಾಲೆ. ಕರ್ರಗಿನ ತುಂಬುಗೂದಲಿನ ಹರೆಯದ ಹೆಂಗಸು. ಮೂಗಿನಿಂದ ಇಳಿದು ಮೇಲ್ದುಟಿಯನ್ನು ಮುಟ್ಟುವ ದೊಡ್ಡ ನತ್ತು.

ಈ ಮೂವರ ತಾಯಿ ಹಂಪವ್ವ. ಶೀಲಾ ಕೆರೂರಿಗೆ ಹೋದ ವರ್ಷವೇ ಸತ್ತವಳು.

ಈರಪ್ಪ ಎರಡು ಬೆರಳನ್ನು ಫೋಟೊದ ನತ್ತಿಗೆ ಮುಟ್ಟಿಸಿದ. ತಿರುಗಿ ನಿಂತು, ಎರಡೂ ಅಂಗೈಯಿಂದ ಗಾಳಿಯನ್ನು ನೂಕಿದ.

“ಶಿವಶಿವಾ!” ಗಾಳೆಪ್ಪ ಮೊಬೈಲನ್ನು ಫೋಟೊದ ಕಡೆ ತಿರುಗಿಸಿದ. “ಸತ್ತಾಕಿ ಬಂದು ನೂಕಿದ್ಲು ಅಂತಾನ್ರಿ ಮೇಡಂ.”

ಶಿವಗಂಗಾ ಈರಪ್ಪನ ಮುಖ ನೋಡಿದಳು. ಅಪ್ಪ ಸಾಯುವುದನ್ನು ಕಂಡು ಇವನ ತಲೆಯೇ ಕೆಟ್ಟಿತೇ? ಇಂಥ ಸಾಕ್ಷಿಯನ್ನು ಕಟ್ಟಿಕೊಂಡು ನಾಳೆ ನ್ಯಾಯಾಧೀಶರ ಮುಂದೆ ಏನೆಂದು ನಿಲ್ಲುವುದು? ಅವಳು ನಿಧಾನವಾಗಿ ಫೋಟೊದ ಮಾಲೆಯನ್ನು ಮುಟ್ಟಿ ತೋರಿಸಿದಳು. ಇವಳು ಸತ್ತಿದ್ದಾಳೆ, ತಿಳಿಯಿತೇ?

ಈರಪ್ಪನಿಗೆ ಸಿಟ್ಟು ಬಂತು. ಇಲ್ಲ ಎಂದು ತಲೆ ಅಲ್ಲಾಡಿಸಿದ. ಫೋಟೊದ ಕಪ್ಪು ಕೂದಲಿನ ಮೇಲೆ ಬೆರಳಿಟ್ಟ. ಹೀಗಲ್ಲ ಎಂದು ಕೈ ಆಡಿಸಿದ. ಆಮೇಲೆ ವಿಭೂತಿ ಬಟ್ಟಲಿಗೆ ಅಂಗೈ ಅದ್ದಿ, ಅದನ್ನು ತನ್ನ ತಲೆಗೂದಲಿಗೆ ಹಣೆಯಿಂದ ಹಿಂದಕ್ಕೆ ಬಳಿದುಕೊಂಡ.

ಬೆಳ್ಳಗೆ. ಅವಳ ಕೂದಲು ಈಗ ಬೆಳ್ಳಗಾಗಿದೆ.

ದೆವ್ವಕ್ಕೆ ವಯಸ್ಸಾಗುವುದಿಲ್ಲ.

“ಅಕ್ಕಾ.” ಶೀಲಾ ಬಾಗಿಲಲ್ಲಿ ನಿಂತಿದ್ದಳು. ಅವಳ ದನಿ ಐದು ವರ್ಷದ ಮಗುವಿನದಾಗಿತ್ತು. “ಅಕ್ಕಾ, ಅವ್ವನ ಮಣ್ಣಿಗೆ ನೀ ಹೋಗಿದ್ದಿ ಅಲ್ಲಾ? ಅವ್ವನ ಮಾರಿ ನೀ ಕಣ್ಣಾರೆ ನೋಡೀದಿ ಅಲ್ಲಾ?”

ಶಿವಗಂಗಾ ತಿರುಗಿ ಗುರುಲಿಂಗವ್ವನನ್ನು ನೋಡಿದಳು. ಎಲ್ಲರ ಮುಖದಲ್ಲೂ ಇದ್ದ ದಿಗಿಲು ಅವಳ ಮುಖದಲ್ಲಿ ಇರಲಿಲ್ಲ. ಎಷ್ಟೋ ಕಾಲ ತಲೆಯ ಮೇಲೆ ಹೊತ್ತ ಕಲ್ಲನ್ನು ಇಳಿಸಿದವಳ ಹಾಗೆ, ಅವಳು ಗೋಡೆಗೆ ಬೆನ್ನು ಹಚ್ಚಿ ಮೆಲ್ಲಗೆ ಕುಸಿದಳು.

“ಬರಬ್ಯಾಡ ಅಂತ ಹೇಳಿದ್ದೆ,” ಎಂದಳು, ಯಾರಿಗೂ ಅಲ್ಲ, ಆ ಫೋಟೊಕ್ಕೆ. “ಅಪ್ಪ ಇರೂತನಕ ಈ ಊರಿಗೆ ಕಾಲಿಡಬ್ಯಾಡ ಅಂತ ನಾ ನಿನಗ ಎಷ್ಟ ಸಲ ಹೇಳಿದ್ದೆ, ಯವ್ವಾ.”